ಬೇಲಿಯಾಚೆಯ ಗೆಳೆಯ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಲ್ಯಾಂಕಾಸ್ಟರ್ ಎಂಬ ಜಿಲ್ಲೆಯಿದೆ. ಮೊದಲ ಬಾರಿಗೆ ಅಲ್ಲಿಗೆ ಹೋದವರು ರಸ್ತೆಯ ಮೇಲಿನ ಒಂದು ನೋಟಕ್ಕೆ ಬೆರಗಾಗುತ್ತಾರೆ. ಮೋಟಾರುಗಳು ಸಾಲುಸಾಲಾಗಿ ಓಡುವ ಹೆದ್ದಾರಿಯ ಅಂಚಿನಲ್ಲಿಯೇ ಬೂದುಬಣ್ಣದ ಕುದುರೆಗಾಡಿಯೊಂದು ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ಗಾಡಿಯೊಳಗೆ ಅಗಲ ಅಂಚಿನ ಟೋಪಿ ಧರಿಸಿದ, ಮೀಸೆ ಬೋಳಿಸಿ ಗಡ್ಡವನ್ನು ಮಾತ್ರ ಬಿಟ್ಟ ಗಂಡಸು; ಪಕ್ಕದಲ್ಲಿ ತಲೆಗೆ ಕುಲಾವಿ ಕಟ್ಟಿದ ಹೆಂಗಸು. ಎರಡು ಕಾಲಗಳು ಒಂದೇ ಹಾದಿಯಲ್ಲಿ ಒಂದನ್ನೊಂದು ತಾಕದೆ ನಡೆಯುತ್ತಿವೆಯೋ ಎಂಬಂತೆ ಆ ನೋಟ ಕಾಣುತ್ತದೆ. ಆದರೆ ಒಂದೇ ಹಾದಿಯಲ್ಲಿ ನಡೆಯುವ ಮನುಷ್ಯರು ಕೊನೆಯವರೆಗೂ ಒಬ್ಬರನ್ನೊಬ್ಬರು ತಾಕದೆ ಇರಲಾರರು. ಗಾಡಿಯ ಕಾಲಕ್ಕೆ ಸೇರಿದ ಒಬ್ಬ ವೃದ್ಧರಿಗೂ ಮೋಟಾರಿನ ಕಾಲಕ್ಕೆ ಸೇರಿದ ಒಬ್ಬ ಹೊರಗಿನವನಿಗೂ ಬೆಳೆದ ಸ್ನೇಹದ ವೃತ್ತಾಂತವಿದು. ವೃದ್ಧರ ಹೆಸರನ್ನು ಇಲ್ಲಿ ಹೇಳುವುದು ಬೇಡ. ಹೆಸರು ಮೆರೆಯುವುದನ್ನು ಅವರ ಜನ ಒಪ್ಪುವವರಲ್ಲ.

ಆ ಜನರಿಗೆ ಆಮಿಶರು ಎಂದು ಹೆಸರು. ಅವರ ಮೂಲವಿರುವುದು ಯೂರೋಪಿನಲ್ಲಿ. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಕೆಲವು ಕ್ರೈಸ್ತರು, ಎಳೆಗೂಸಿಗೆ ದೀಕ್ಷಾಸ್ನಾನ ಮಾಡಿಸುವುದರಲ್ಲಿ ಅರ್ಥವಿಲ್ಲ, ಬುದ್ಧಿ ತಿಳಿದ ಮೇಲೆ ಮನುಷ್ಯ ತಾನೇ ಅರಿತು ದೀಕ್ಷೆ ಪಡೆಯಬೇಕು ಎಂದು ಸಾರಿದರು. ಆ ನಂಬಿಕೆಗಾಗಿ ಅವರಲ್ಲಿ ಅನೇಕರು ನೀರಿನಲ್ಲಿ ಮುಳುಗಿಸಲ್ಪಟ್ಟರು, ಬೆಂಕಿಗೆ ಆಹುತಿಯಾದರು. 1693ರಲ್ಲಿ ಯಾಕೋಬ್ ಅಮ್ಮನ್ ಎಂಬ ಹಿರಿಯ, ಸಭೆಗೆ ಕೊಟ್ಟ ಮಾತನ್ನು ಮುರಿದವರನ್ನು ದೂರವಿಡುವ ಕಟ್ಟಳೆ ಬಿಗಿಯಾಗಿರಬೇಕೆಂದು ವಾದಿಸಿ ತನ್ನವರೊಡನೆ ಬೇರೆಯಾದನು. ಅವನ ಹೆಸರಿನಿಂದಲೇ ಆಮಿಶರು ಎಂಬ ಮಾತು ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಅವರು, ಎಲ್ಲ ಮತದವರಿಗೂ ಆಶ್ರಯ ನೀಡುತ್ತಿದ್ದ ಪೆನ್ಸಿಲ್ವೇನಿಯಕ್ಕೆ ಹಡಗೇರಿ ಬಂದರು. ಇಂದು ಅಮೆರಿಕದಲ್ಲಿ ಅವರ ಸಂಖ್ಯೆ ಸುಮಾರು 4 ಲಕ್ಷ.

ಹೊಲದಲ್ಲಿ ಕುದುರೆ, ಹೇಸರಗತ್ತೆಗಳಿಂದ ಉಳುಮೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ. ಮನೆಯೊಳಗೆ ಜರ್ಮನ್ ಭಾಷೆಯ ಒಂದು ಹಳೆಯ ಆಡುನುಡಿ. ಯಾರದಾದರೂ ಕೊಟ್ಟಿಗೆ ಬೆಂಕಿಗೆ ಬಿದ್ದರೆ ನೂರಾರು ಜನ ಮುಯ್ಯಾಳುಗಳಾಗಿ ಬಂದು ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತಾರೆ. ಆದುದರಿಂದ ಅವರು ವಿಮೆ ಮಾಡಿಸುವವರಲ್ಲ. ನೆರೆಯವರೇ ಅವರ ವಿಮೆ. ಅವರ ಮಕ್ಕಳ ವಿದ್ಯಾಭ್ಯಾಸ ಎಂಟನೆಯ ತರಗತಿಗೆ ಮುಗಿಯುತ್ತದೆ. ಇದು ಸರಿಯೆ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 1972ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಅದಕ್ಕೂ ಮೇಲಿನ ಶಾಲೆಗೆ ಮಕ್ಕಳನ್ನು ಕಳುಹಿಸಬೇಕೆಂದು ಆ ತಂದೆತಾಯಿಗಳನ್ನು ಬಲವಂತಪಡಿಸಕೂಡದೆಂದು ತೀರ್ಪಿತ್ತಿತು. ತಮ್ಮವರಲ್ಲದ ಎಲ್ಲರನ್ನೂ ಅವರು 'ಇಂಗ್ಲಿಷಿನವರು' ಎಂದೇ ಕರೆಯುತ್ತಾರೆ. ದ್ವೇಷದಿಂದ ಹಾಗೆ ಕರೆಯುವುದಿಲ್ಲ. ಹೊಲಕ್ಕೆ ಬೇಲಿಯಿರುವಂತೆ ಅವರ ಮಾತಿಗೂ ಒಂದು ಬೇಲಿ.

ಈ ಕಥೆಯ ಇಂಗ್ಲಿಷಿನವನು ಶಾಲೆಯ ಬಸ್ಸನ್ನು ಬಹುಕಾಲ ಓಡಿಸಿ ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೊತ್ತು ಕಳೆಯುವುದು ದುಸ್ತರವಾದಾಗ ಆತ ಒಂದು ವ್ಯಾನು ಕೊಂಡು ಆಮಿಶರಿಗೆ ಬಾಡಿಗೆಗೆ ಓಡಿಸತೊಡಗಿದ. ಆಮಿಶರು ಮೋಟಾರನ್ನು ಕೊಳ್ಳರು, ಓಡಿಸರು; ಆದರೆ ಕುದುರೆ ಹೋಗಲಾರದಷ್ಟು ದೂರದ ಆಸ್ಪತ್ರೆಗೋ ನೆಂಟರ ಉತ್ತರಕ್ರಿಯೆಗೋ ಹೋಗಬೇಕಾದರೆ ಇನ್ನೊಬ್ಬರ ಮೋಟಾರಿನಲ್ಲಿ ಕೂರುವುದಕ್ಕೆ ಅವರಲ್ಲಿ ಅಡ್ಡಿಯಿಲ್ಲ. ಆ ಊರುಗಳಲ್ಲಿ ಇಂಥ ಚಾಲಕರು ಅನೇಕರಿದ್ದಾರೆ. ವೃದ್ಧರಿಗೆ ಆಗ ಎಂಬತ್ತು ಹತ್ತಿರವಾಗಿತ್ತು. ಹೊಲವನ್ನು ಕಿರಿಯ ಮಗನಿಗೆ ಒಪ್ಪಿಸಿ, ದೊಡ್ಡ ಮನೆಗೆ ಹೊಂದಿಕೊಂಡ ಅಜ್ಜ-ಅಜ್ಜಿಯರ ಚಿಕ್ಕ ಮನೆಯಲ್ಲಿ ಹೆಂಡತಿಯೊಡನೆ ಇದ್ದರು. ಹೃದಯದ ಕಾಯಿಲೆಗಾಗಿ ತಿಂಗಳಿಗೊಮ್ಮೆ ಪಟ್ಟಣದ ವೈದ್ಯರನ್ನು ಕಾಣಬೇಕಾಗಿದ್ದಿತು. ಸ್ನೇಹ ಆರಂಭವಾದದ್ದು ಹೀಗೆ, ಮೈಲಿಗೆ ಇಷ್ಟೆಂಬ ಬಾಡಿಗೆಯ ಲೆಕ್ಕದಿಂದ.

ಮೊದಮೊದಲು ದಾರಿಯುದ್ದಕ್ಕೂ ಮಾತಿರಲಿಲ್ಲ. ಮೌನ ಚಾಲಕನಿಗೆ ಭಾರವೆನಿಸಿ ಆತ ರೇಡಿಯೋ ತಿರುಗಿಸುತ್ತಿದ್ದ. ವೃದ್ಧರು ಬೇಡವೆನ್ನುತ್ತಿರಲಿಲ್ಲ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಯಾರ ಜೋಳ ಎಷ್ಟೆತ್ತರ ಬಂದಿದೆಯೆಂದು ನೋಡುತ್ತಿದ್ದರು. ಒಂದು ದಿನ ಚಾಲಕ ರೇಡಿಯೋ ಹಾಕುವುದನ್ನು ಮರೆತ. ಅಂದು ವೃದ್ಧರು ತಾವಾಗಿ ಜೋಳದ ವಿಷಯ ಮಾತನಾಡಿದರು. ಮರುತಿಂಗಳು ಆತ ಬೇಕೆಂದೇ ಮರೆತ.

ಪರಿಚಯ ಬೆಳೆದಂತೆ ಚಾಲಕನಲ್ಲಿ ಪ್ರಶ್ನೆಗಳೂ ಬೆಳೆದವು. ಆ ಮನೆಯ ದೂರವಾಣಿ ಮನೆಯೊಳಗಿರಲಿಲ್ಲ. ಓಣಿಯ ತುದಿಯಲ್ಲಿ ಮರದ ಒಂದು ಪುಟ್ಟ ಗೂಡಿನಲ್ಲಿತ್ತು. ಅಕ್ಕಪಕ್ಕದ ಮೂರು ಮನೆಯವರು ಅದನ್ನೇ ಬಳಸುತ್ತಿದ್ದರು. "ದೂರವಾಣಿ ಪಾಪವಾದರೆ ಓಣಿಯಲ್ಲೂ ಪಾಪವೇ, ಪಾಪವಲ್ಲದಿದ್ದರೆ ಮನೆಯೊಳಗೇ ಇರಲಿ, ಅಲ್ಲವೆ?" ಎಂದು ಆತ ಒಮ್ಮೆ ಕೇಳಿದ.

ವೃದ್ಧರು ನಕ್ಕರು. "ಪಾಪವೆಂದು ಯಾರು ಹೇಳಿದರು? ಓಣಿಯಲ್ಲಿದ್ದರೆ ಬೇಕಾದಾಗ ನಾನು ಅದರ ಹತ್ತಿರ ಹೋಗುತ್ತೇನೆ. ಮನೆಯಲ್ಲಿದ್ದರೆ ಅದು ಕರೆದಾಗಲೆಲ್ಲ ಊಟದ ಮೇಜಿನಿಂದ ನಾನೇ ಎದ್ದುಹೋಗಬೇಕು. ಒಂದು ವಸ್ತು ಒಳಗೆ ಬಂದರೆ ಅದರ ಹಿಂದೆಯೇ ಯಾವುದು ಹೊರಗೆ ಹೋಗುತ್ತದೆಯೆಂದು ನೋಡಿಕೊಳ್ಳುತ್ತೇವೆ, ಅಷ್ಟೆ," ಎಂದರು.

ಚಾಲಕನಿಗೆ ಈ ಉತ್ತರ ಪೂರ್ಣವಾಗಿ ಒಪ್ಪಿಗೆಯಾಗಲಿಲ್ಲ. ಆದರೆ ಅಂದು ರಾತ್ರಿ ಒಬ್ಬನೇ ದೂರದರ್ಶನದ ಮುಂದೆ ಕುಳಿತು ಊಟ ಮಾಡುವಾಗ ಅದು ನೆನಪಾಗದೆ ಇರಲಿಲ್ಲ.

ಇನ್ನೊಂದು ದಿನ, ಕೊಟ್ಟಿಗೆಯ ಬಾಗಿಲಲ್ಲಿ ಇಳಿಬಿಸಿಲಿಗೆ ನಿಂತಿದ್ದ ವೃದ್ಧರ ಚಿತ್ರ ತೆಗೆಯಬೇಕೆಂದು ಆತನಿಗೆ ಆಸೆಯಾಯಿತು. ವೃದ್ಧರು ಮೆಲ್ಲನೆ ತಲೆಯಾಡಿಸಿದರು. ತನ್ನ ಪ್ರತಿಮೆಯನ್ನು ತಾನೇ ಮೆಚ್ಚಿಕೊಳ್ಳುವುದು ಅಹಂಕಾರಕ್ಕೆ ದಾರಿಯೆಂದು ಅವರ ಜನ ಭಾವಿಸುತ್ತಾರೆ. "ನೆನಪಿಡಬೇಕೆಂದಿದ್ದರೆ ಚೆನ್ನಾಗಿ ನೋಡಿಕೊ," ಎಂದಷ್ಟೇ ಹೇಳಿದರು. ಆತ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದ. ಮತ್ತೆಂದೂ ಅದನ್ನು ಆ ಮನೆಗೆ ತರಲಿಲ್ಲ.

ಆ ವೃದ್ಧರ ಮನೆಯಲ್ಲಿ ದಪ್ಪನೆಯ ಒಂದು ಪುಸ್ತಕವಿತ್ತು. ನಂಬಿಕೆಗಾಗಿ ಪ್ರಾಣಕೊಟ್ಟ ಪೂರ್ವಿಕರ ಚರಿತ್ರೆಗಳನ್ನು ಸಂಗ್ರಹಿಸಿ 1660ರಲ್ಲಿ ಹಾಲೆಂಡಿನಲ್ಲಿ ಮೊದಲು ಅಚ್ಚಾದ 'ಹುತಾತ್ಮರ ದರ್ಪಣ' ಎಂಬ ಗ್ರಂಥವದು. ಅದರಲ್ಲಿಯ ಒಂದು ಪ್ರಸಂಗವನ್ನು, ಹೆಪ್ಪುಗಟ್ಟಿದ ಕೆರೆಯೊಂದರ ಪಕ್ಕದಲ್ಲಿ ವ್ಯಾನು ಹೋಗುತ್ತಿದ್ದಾಗ ವೃದ್ಧರು ಹೇಳಿದರು. ಡಿರ್ಕ್ ವಿಲೆಮ್ಸ್ ಎಂಬವನು ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದನಂತೆ. ಸೊರಗಿದ ದೇಹವಾದುದರಿಂದ ಅವನು ಹೇಗೋ ದಾಟಿದ. ಬೆನ್ನಟ್ಟಿ ಬಂದ ಕಾವಲುಗಾರನ ಕಾಲಕೆಳಗೆ ಮಂಜುಗಡ್ಡೆ ಒಡೆಯಿತು. ಆ ಮನುಷ್ಯ ಮುಳುಗತೊಡಗಿದಾಗ ಡಿರ್ಕ್ ಹಿಂದಿರುಗಿ ಬಂದು ಅವನನ್ನು ಮೇಲಕ್ಕೆಳೆದು ಬದುಕಿಸಿದ. ಆದರೂ ಅವನನ್ನು ಬಂಧಿಸಲಾಯಿತು. 1569ರಲ್ಲಿ ಅವನನ್ನು ಜೀವಸಹಿತ ಸುಟ್ಟರು.

"ಓಡಿಹೋಗಬಹುದಾಗಿತ್ತು," ಎಂದ ಚಾಲಕ.

"ಹೌದು, ಓಡಿಹೋಗಬಹುದಾಗಿತ್ತು," ಎಂದರು ವೃದ್ಧರು.

ವೃದ್ಧರ ಹೆಂಡತಿ ಮಿತಭಾಷಿ. ಶರತ್ಕಾಲದಲ್ಲಿ ಸೇಬಿನ ಹಣ್ಣನ್ನು ದೊಡ್ಡ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಸಿ ಲೇಹ್ಯದಂತೆ ಮಾಡಿ ಜಾಡಿಗಳಲ್ಲಿ ತುಂಬುವುದು ಅಲ್ಲಿಯ ವಾಡಿಕೆ. ಒಂದು ವರ್ಷ ಆಕೆ ಚಾಲಕನಿಗೆ ಎರಡು ಜಾಡಿ ಕೊಟ್ಟು, "ಒಂದು ನಿನಗೆ. ಇನ್ನೊಂದನ್ನು ಪಟ್ಟಣದಲ್ಲಿ ಈ ಮನೆಗೆ ತಲುಪಿಸುವೆಯಾ?" ಎಂದು ಚೀಟಿಯೊಂದನ್ನು ಕೈಗಿತ್ತರು. ಚೀಟಿಯಲ್ಲಿದ್ದ ಮನೆಯ ಬಾಗಿಲು ತೆರೆದವನನ್ನು ಕಂಡು ಚಾಲಕ ಸ್ತಬ್ಧನಾದ. ಗಡ್ಡವಿಲ್ಲದಿದ್ದರೂ ಅದೇ ಹಣೆ, ಅದೇ ಕಣ್ಣು. ಅವನು ವೃದ್ಧರ ಹಿರಿಯ ಮಗ.

ನಡೆದ ಸಂಗತಿ ಸರಳವಾದುದು, ಕಠೋರವಾದುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿರಿಯ ಮಗ ಸಭೆಯ ಮುಂದೆ ಮಂಡಿಯೂರಿ ದೀಕ್ಷೆ ಪಡೆದಿದ್ದ. ತಂದೆಯ ಕೊಟ್ಟಿಗೆಯ ದನಕರುಗಳ ನಡುವೆ ಬೆಳೆದ ಅವನಿಗೆ ಪಶುವೈದ್ಯನಾಗಬೇಕೆಂಬ ಹಂಬಲ. ಅದಕ್ಕೆ ಎಂಟನೆಯ ತರಗತಿ ಸಾಲದು. ಕೆಲವು ವರ್ಷಗಳ ಒಳಗುದಿಯ ನಂತರ ಅವನು ಸಭೆಯನ್ನು ಬಿಟ್ಟು ಓದಲು ಹೋದ. ದೀಕ್ಷೆ ಪಡೆಯುವ ಮೊದಲೇ ಹೋಗಿದ್ದರೆ ಯಾವ ಬಹಿಷ್ಕಾರವೂ ಇರುತ್ತಿರಲಿಲ್ಲ. ಮಾತು ಕೊಟ್ಟು ಮುರಿದವನಾದುದರಿಂದ ಕಟ್ಟಳೆ ಅವನಿಗೆ ಅನ್ವಯಿಸಿತು. ತನ್ನವರೊಡನೆ ಒಂದೇ ಮೇಜಿನಲ್ಲಿ ಅವನು ಉಣ್ಣುವಂತಿಲ್ಲ. ಅವನ ಕೈಯಿಂದ ಅವರು ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅವನೊಡನೆ ಮಾತನಾಡಬಹುದು, ಕಷ್ಟದಲ್ಲಿ ಅವನಿಗೆ ನೆರವಾಗಬಹುದು. ಅವನ ಮೋಟಾರಿನಲ್ಲಿ ಮಾತ್ರ ಕೂರುವಂತಿಲ್ಲ. ತಪ್ಪೊಪ್ಪಿ ಹಿಂದಿರುಗಿದ ದಿನ ಎಲ್ಲವೂ ಮೊದಲಿನಂತಾಗುವುದು, ಅಲ್ಲಿಯವರೆಗೆ ಹೀಗೆಯೇ.

ಚಾಲಕ ಹಿಂದಿರುಗುವಾಗ ದಾರಿಯಲ್ಲಿ ವ್ಯಾನನ್ನು ನಿಲ್ಲಿಸಿ ಬಹಳ ಹೊತ್ತು ಕುಳಿತ. ಆ ಮಗನ ಅಂಗಳದಲ್ಲಿ ಒಳ್ಳೆಯ ಕಾರೊಂದು ನಿಂತಿತ್ತು. ತಂದೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಲು ಆ ಕಾರಿಗೆ ಅನುಮತಿಯಿಲ್ಲ, ಬಾಡಿಗೆಯ ವ್ಯಾನಿಗಿದೆ. ಮಗ ಕೂರಲಾಗದ ಮೇಜಿನಲ್ಲಿ ಯಾವ ಸಂಬಂಧವೂ ಇಲ್ಲದ ತಾನು ಎಷ್ಟೋ ಸಲ ಉಂಡಿದ್ದ. ತಿಂಗಳು ತಿಂಗಳೂ ತಾನು ಕುಳಿತದ್ದು ಇನ್ನೊಬ್ಬನ ಸ್ಥಾನದಲ್ಲಿ ಎಂಬುದು ಅಂದು ಅವನಿಗೆ ಹೊಳೆಯಿತು. ಆಡಲೂ ಆಗದ, ಮರೆಯಲೂ ಆಗದ ಮಾತೊಂದು ಆತನ ಗಂಟಲಲ್ಲಿ ಸಿಕ್ಕಿಕೊಂಡಿತು.

2006ರ ಅಕ್ಟೋಬರ್ 2ರಂದು ಆ ಜಿಲ್ಲೆಯಲ್ಲಿ ನಡೆಯಬಾರದ ಘಟನೆ ನಡೆಯಿತು. ನಿಕಲ್ ಮೈನ್ಸ್ ಎಂಬಲ್ಲಿಯ ಒಂದೇ ಕೋಣೆಯ ಆಮಿಶ್ ಶಾಲೆಗೆ ಹೊರಗಿನವನೊಬ್ಬ ಬಂದೂಕು ಹಿಡಿದು ನುಗ್ಗಿ, ಹತ್ತು ಮಂದಿ ಬಾಲಕಿಯರ ಮೇಲೆ ಗುಂಡು ಹಾರಿಸಿ ತಾನೂ ಸತ್ತನು. ಐವರು ಮಕ್ಕಳು ಅಸುನೀಗಿದರು. ಕೆಲವು ಗಂಟೆಗಳು ಕಳೆಯುವುದರೊಳಗೆ ಆಮಿಶ್ ನೆರೆಯವರು ಆ ಕೊಲೆಗಾರನ ಮನೆಗೆ ಹೋಗಿ, ದಿಕ್ಕುಗೆಟ್ಟು ಕುಳಿತಿದ್ದ ಅವನವರನ್ನು ಸಂತೈಸಿದರು. ಅವನ ಶವಸಂಸ್ಕಾರಕ್ಕೂ ಹೋದರು. ಆ ಶಾಲೆಯ ಕಟ್ಟಡವನ್ನು ಹತ್ತು ದಿನಗಳಲ್ಲಿಯೇ ಕೆಡವಿ, ಆ ನೆಲವನ್ನು ಹುಲ್ಲಿಗೆ ಬಿಟ್ಟರು. ಮರುವರ್ಷ ಸಮೀಪದಲ್ಲಿಯೇ ಬೇರೊಂದು ಶಾಲೆ ಎದ್ದಿತು. ಜಗತ್ತಿನ ಪತ್ರಿಕೆಗಳೆಲ್ಲ ಆ ಕ್ಷಮೆಯನ್ನು ಕೊಂಡಾಡಿದವು.

ಚಾಲಕ ಕೊಂಡಾಡಲಾರದೆ ಹೋದ. ಆ ತಿಂಗಳ ಪ್ರಯಾಣದಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಿದ್ದಿತು. "ಮಕ್ಕಳನ್ನು ಕೊಂದವನನ್ನು ನೀವು ಕ್ಷಮಿಸಬಲ್ಲಿರಿ. ಓದಬೇಕೆಂದು ಮನೆ ಬಿಟ್ಟ ಮಗನನ್ನು ಕ್ಷಮಿಸಲಾರಿರಾ?"

ವೃದ್ಧರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಕೋಪವಿದ್ದ ಕಡೆ ಕ್ಷಮೆ ಬೇಕು. ನನ್ನ ಮಗನ ಮೇಲೆ ನನಗೆ ಕೋಪವಿಲ್ಲ. ಅವನು ಸಭೆಯ ಮುಂದೆ ಮಂಡಿಯೂರಿ ಮಾತು ಕೊಟ್ಟ, ನಾನೂ ಕೊಟ್ಟಿದ್ದೇನೆ. ಅವನು ತನ್ನ ಮಾತನ್ನು ಬಿಟ್ಟ. ಅವನಿಗಾಗಿ ನಾನೂ ನನ್ನ ಮಾತನ್ನು ಬಿಟ್ಟರೆ, ಅವನು ಹಿಂದಿರುಗಿ ಬರುವ ದಿನ ಬರುವುದಕ್ಕೊಂದು ಮನೆಯೇ ಇರುವುದಿಲ್ಲ."

"ಮನೆ ಇರಬಹುದು. ಆ ದಿನ ಅದರಲ್ಲಿ ನೀವಿರುವಿರೋ ಇಲ್ಲವೋ!" ಎಂದುಬಿಟ್ಟ ಚಾಲಕ.

ಬಿಟ್ಟ ಬಾಣದಂತೆ ಆಡಿದ ಮಾತೂ ಹಿಂದಿರುಗುವುದಿಲ್ಲ. ವೃದ್ಧರು ಇಳಿಯುವಾಗ ಎಂದಿನಂತೆ ಬಾಡಿಗೆಯನ್ನು ಎಣಿಸಿ ಕೊಟ್ಟರು; ಎಂದಿನಂತೆ ಒಳಗೆ ಕರೆಯಲಿಲ್ಲ. ಮುಂದಿನ ತಿಂಗಳು ಓಣಿಯ ಗೂಡಿನಿಂದ ಕರೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಚಾಲಕನಿಗೆ ತನ್ನ ಮಾತು ತಪ್ಪೆನಿಸಲಿಲ್ಲ. ಆದರೆ ಅದನ್ನು ಹೇಳುವ ಅಧಿಕಾರ ತನಗೆ ಎಲ್ಲಿಂದ ಬಂತೆಂಬುದಕ್ಕೆ ಉತ್ತರ ಸಿಗಲಿಲ್ಲ.

ಮಾಗಿಯ ಒಂದು ಮುಂಜಾನೆ ದೂರವಾಣಿ ಬಾರಿಸಿತು. ಮಾತನಾಡಿದವನು ವೃದ್ಧರ ಮೊಮ್ಮಗ. "ಅಜ್ಜಿ ತೀರಿಕೊಂಡರು. ಅಜ್ಜ ನಿಮ್ಮನ್ನು ಬರಹೇಳಿದ್ದಾರೆ. ಬರುವಾಗ ಪಟ್ಟಣದಿಂದ ದೊಡ್ಡಪ್ಪನನ್ನೂ ಕರೆತರಬೇಕಂತೆ."

ಆಮಿಶರ ಶವಸಂಸ್ಕಾರದಲ್ಲಿ ಆಡಂಬರವಿಲ್ಲ. ಸಾದಾ ಮರದ ಪೆಟ್ಟಿಗೆ. ಕೈಯಿಂದಲೇ ತೋಡಿದ ಗೋರಿ. ಸತ್ತವರ ಗುಣಗಾನದ ಭಾಷಣವೂ ಇಲ್ಲ. ಕುದುರೆಗಾಡಿಗಳ ಉದ್ದನೆಯ ಸಾಲು ಸ್ಮಶಾನಕ್ಕೆ ಹೋಗಿ ಬಂದ ಮೇಲೆ ಮನೆಯಲ್ಲಿ ಎಲ್ಲರಿಗೂ ಊಟ. ಅಡಿಗೆ, ಹಾಲು ಕರೆಯುವುದು, ಕೊಟ್ಟಿಗೆ ಗುಡಿಸುವುದು ಎಲ್ಲವನ್ನೂ ನೆರೆಯವರೇ ವಹಿಸಿಕೊಂಡಿದ್ದರು. ಚಾಲಕ ಹಿರಿಯ ಮಗನೊಡನೆ ಬಾಗಿಲಲ್ಲಿಯೇ ಹಿಂಜರಿದು ನಿಂತ. ಈ ಮನೆಯಲ್ಲಿ ಅವನು ಎಲ್ಲಿ ಕುಳಿತು ಉಣ್ಣಬೇಕು? ಹೊರಗಿನ ಜಗಲಿಯ ಮೇಲೆಯೆ?

ಒಳಗೆ ಉದ್ದನೆಯ ಮೇಜಿನ ಕೊನೆಗೆ ಇನ್ನೊಂದು ಚಿಕ್ಕ ಮೇಜನ್ನು ಇಟ್ಟಿದ್ದರು. ಎರಡರ ನಡುವೆ ಎರಡು ಬೆರಳಿನಷ್ಟು ಅಂತರವಿತ್ತು. ಎರಡೂ ಮೇಜುಗಳ ಮೇಲೆ ಬಿಳಿಯ ಒಂದೇ ಹಾಸನ್ನು ಹರಡಿದ್ದರು. ನೋಡಿದವರ ಕಣ್ಣಿಗೆ ಅದು ಒಂದೇ ಮೇಜು. ಬೆರಳಿಟ್ಟು ಒತ್ತಿದರೆ ಮಾತ್ರ ಹಾಸಿನ ಕೆಳಗಿನ ಬಿರುಕು ತಿಳಿಯುತ್ತಿತ್ತು. ಇಂಥ ಏರ್ಪಾಡು ಆಮಿಶರ ಮನೆಗಳಲ್ಲಿ ಹೊಸದೇನಲ್ಲ. ಆದರೆ ಚಾಲಕ ಅದನ್ನು ಕಂಡದ್ದು ಅಂದೇ ಮೊದಲು.

ವೃದ್ಧರು ಉದ್ದನೆಯ ಮೇಜಿನ ಕೊನೆಯಲ್ಲಿ ಕುಳಿತರು. ಮಗನಿಗೆ ಚಿಕ್ಕ ಮೇಜನ್ನು ತೋರಿಸಿದರು. ತಂದೆಮಕ್ಕಳ ನಡುವೆ ಒಂದು ಮೊಳದ ದೂರವೂ ಇರಲಿಲ್ಲ. ಚಾಲಕನನ್ನು ಕರೆದು, ಎರಡು ಮೇಜುಗಳು ಕೂಡುವ ಕಡೆಯಲ್ಲಿ, ಬಿರುಕಿನ ಎದುರಿಗೇ ಕೂರಿಸಿದರು. ಎಲ್ಲರೂ ಮೌನವಾಗಿ ಪ್ರಾರ್ಥಿಸಿ ಊಟಕ್ಕೆ ತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಸೇಬಿನ ಲೇಹ್ಯದ ಬಟ್ಟಲು ಮಗನ ಹತ್ತಿರಕ್ಕೆ ಬಂದಿತು. ಅವನ ತಾಯಿ ಆ ಶರತ್ಕಾಲದಲ್ಲಿ ಮಾಡಿದ್ದ ಲೇಹ್ಯ. ಅದು ತಂದೆಗೆ ಪ್ರಿಯವೆಂದು ಅವನಿಗೆ ಗೊತ್ತು. ತನ್ನ ಕೈಯಿಂದ ಅವರು ಅದನ್ನು ತೆಗೆದುಕೊಳ್ಳಲಾರರೆಂಬುದೂ ಗೊತ್ತು. ಅವನು ಬಟ್ಟಲನ್ನು ಹಾಸಿನ ಮೇಲೆ, ಬಿರುಕಿನ ಅಂಚಿಗೆ ಇಟ್ಟು ಕೈಯನ್ನು ಹಿಂತೆಗೆದುಕೊಂಡ. ವೃದ್ಧರು ಕೈ ಚಾಚಿ ಅದನ್ನು ಹಾಸಿನ ಮೇಲಿಂದ ಎತ್ತಿಕೊಂಡರು. ರೊಟ್ಟಿಗೆ ಸವರಿಕೊಂಡು, ಬಟ್ಟಲನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟರು. ಯಾರೂ ಏನನ್ನೂ ಹೇಳಲಿಲ್ಲ.

ಆ ಕ್ಷಣದಲ್ಲಿ ಚಾಲಕನ ಅಭಿಪ್ರಾಯ ಬದಲಾಯಿತೆಂದು ಹೇಳಿದರೆ ಅದು ಸತ್ಯವಾಗದು. ಆ ಕಟ್ಟಳೆ ಕ್ರೂರವೆಂಬ ಆತನ ಭಾವನೆ ಕೊನೆಯವರೆಗೂ ಉಳಿಯಿತು. ಓದಬೇಕೆಂಬ ಹುಡುಗನಿಗೆ ಓದು ಸಿಗಬೇಕೆಂಬುದರಲ್ಲಿಯೂ ಆತನಿಗೆ ಸಂದೇಹವಿರಲಿಲ್ಲ. ಬದಲಾದದ್ದು ಒಂದೇ. ಕಟ್ಟಳೆಯ ಒಳಗಿರುವವನಿಗೆ ನೋವಿಲ್ಲವೆಂದು ಆತ ತಿಳಿದಿದ್ದ. ಆ ಎರಡು ಬೆರಳಿನ ಅಂತರವನ್ನು ಅಷ್ಟು ಕಿರಿದಾಗಿ ಅಳೆದು ಇಟ್ಟ ಕೈ ಯಾರದೆಂದು ಯೋಚಿಸಿದಾಗ, ತಾನು ಆಡಿದ ಮಾತನ್ನು ವೃದ್ಧರು ಎಷ್ಟೋ ವರ್ಷ ಮೊದಲೇ ತಮಗೆ ತಾವೇ ಆಡಿಕೊಂಡಿರಬೇಕೆಂದು ಆತನಿಗೆ ಅರ್ಥವಾಯಿತು.

ಮರುತಿಂಗಳಿನಿಂದ ವೈದ್ಯರಲ್ಲಿಗೆ ಪ್ರಯಾಣ ಮತ್ತೆ ಮೊದಲಾಯಿತು. ಹಿಂದಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಆದರೆ ಒಂದು ಹೊಸ ಪದ್ಧತಿ ಬೆಳೆಯಿತು. ಹಿಂದಿರುಗುವಾಗ ವ್ಯಾನು ಪಟ್ಟಣದ ಒಂದು ಬೀದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಹಿರಿಯ ಮಗ ಹೊರಗೆ ಬಂದು ಕಿಟಕಿಯ ಬಳಿ ನಿಂತು ತಂದೆಯೊಡನೆ ಹಸುಗಳ ವಿಷಯ, ಹೇಸರಗತ್ತೆಯ ಕುಂಟಿನ ವಿಷಯ ಮಾತನಾಡುತ್ತಿದ್ದ. ಮಾತನಾಡಲು ಕಟ್ಟಳೆಯ ಅಡ್ಡಿಯಿರಲಿಲ್ಲವಲ್ಲ! ಚಾಲಕ ಆ ಹೊತ್ತಿನಲ್ಲಿ ಚಕ್ರದ ಗಾಳಿಯನ್ನು ಪರೀಕ್ಷಿಸುವ ನೆವದಿಂದ ಕೆಳಗಿಳಿಯುತ್ತಿದ್ದ. ವ್ಯಾನಿನ ನಾಲ್ಕು ಚಕ್ರಗಳನ್ನು ನೋಡಲು ಆತನಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು.

ನಾಲ್ಕು ವರ್ಷಗಳ ನಂತರ ವೃದ್ಧರೂ ತೀರಿಕೊಂಡರು. ಅಂದು ಗಾಡಿಗಳ ಸಾಲಿನ ಕೊನೆಯಲ್ಲಿ ಆ ವ್ಯಾನು ಕುದುರೆಯ ನಡಿಗೆಗೆ ತನ್ನ ವೇಗವನ್ನು ತಗ್ಗಿಸಿಕೊಂಡು ಸಾಗಿತು. ವೃದ್ಧರು ಕೂರುತ್ತಿದ್ದ ಆಸನದಲ್ಲಿ ಅವರ ಹಿರಿಯ ಮಗ ಕುಳಿತಿದ್ದ. ಚಾಲಕನ ಬಳಿ ಗೆಳೆಯನದೊಂದು ಭಾವಚಿತ್ರವೂ ಇರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಇಳಿಬಿಸಿಲಿಗೆ ನಿಂತ ಮುಖವನ್ನು ಆತ ಚೆನ್ನಾಗಿ ನೋಡಿಕೊಂಡಿದ್ದ.

ಸ್ನೇಹವೆಂದರೆ ಇಬ್ಬರ ಅಭಿಪ್ರಾಯವೂ ಒಂದೇ ಆಗಿರಬೇಕೆಂದು ಅನೇಕರು ತಿಳಿಯುತ್ತಾರೆ. ಬೇಲಿಯನ್ನು ಕಿತ್ತೊಗೆದ ಮೇಲೆಯೇ ನೆರೆತನವೆಂಬ ಹಟ ಹಿಡಿದವನಿಗೆ ನೆರೆಯವರು ದೊರೆಯುವುದು ಕಷ್ಟ. ಆ ಇಬ್ಬರು ಬೇಲಿಯನ್ನು ಕೀಳಲಿಲ್ಲ. ಅದರ ಎರಡು ಪಕ್ಕಗಳಲ್ಲಿ ನಿಂತು, ಅದರ ಮೇಲಿಂದ ಕೈ ಚಾಚಿದರು. ಒಬ್ಬನು ತನಗೆ ಸತ್ಯವೆಂದು ಕಂಡುದನ್ನು ಹೇಳಿದನು. ಇನ್ನೊಬ್ಬರು ತಾವು ಕೊಟ್ಟ ಮಾತನ್ನು ಉಳಿಸಿಕೊಂಡರು. ಹೀಗಿದ್ದೂ ಒಂದೇ ಹಾಸಿನ ಮೇಲೆ ಅವರ ಊಟ ನಡೆಯಿತು.